ಕೆಂಪು ಶಾಯಿಯಲ್ಲಿ ಒಂದು ‘ಟು’

ಮುಳಬಾಗಿಲಿನ ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಕಳೆದ ಕೊನೆಯ ವರ್ಷದ ಮಾತು ಇದು. ಆ ಹೊತ್ತಿಗೆ ಇಂಗ್ಲಿಷ್ ಪಾಠ ಹೇಳಲು ಶುರುಮಾಡಿ ಇಪ್ಪತ್ತಾರು ವರ್ಷವಾಗಿತ್ತು. ಮನೆ ಕೋಲಾರದಲ್ಲಿ. ಬೆಳಿಗ್ಗೆ ಬಸ್ಸು ಹತ್ತಿ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದರೆ ಮುಳಬಾಗಿಲು ಬಂದಾಗ ಕಂಡಕ್ಟರ್ “ಮೇಡಂ, ಇಳ್ಕೊಳ್ಳಿ” ಎನ್ನುತ್ತಿದ್ದ. ನಿದ್ದೆ ಬಂದಿರುತ್ತಿರಲಿಲ್ಲ. ಕಣ್ಣು ತೆರೆದಿಡಲು ಬೇಸರವಾಗುತ್ತಿತ್ತು, ಅಷ್ಟೆ. ಚೀಲದಲ್ಲಿ ಯಾವಾಗಲೂ ಉತ್ತರಪತ್ರಿಕೆಯ ಒಂದು ಕಟ್ಟು ಇರುತ್ತಿತ್ತು. ಅದೇ ಪತ್ರ, ಅದೇ ಪ್ರಬಂಧ, ಅವೇ ತಪ್ಪುಗಳು. ಮಕ್ಕಳು ಬದಲಾಗುತ್ತಿದ್ದರು, ತಪ್ಪುಗಳು ಬದಲಾಗುತ್ತಿರಲಿಲ್ಲ.

ನಾನು ಹೋಳೂರಿನ ಕಡೆಯವಳು. ಅಪ್ಪ ರಾಗಿ ಬೆಳೆಯುತ್ತಿದ್ದರು, ಹಿಪ್ಪುನೇರಳೆ ಹಾಕಿ ರೇಷ್ಮೆ ಹುಳು ಸಾಕುತ್ತಿದ್ದರು. ಮನೆಯಲ್ಲಿ ಅಮ್ಮನ ಜೊತೆ ತೆಲುಗು, ಬೀದಿಯಲ್ಲಿ ಕನ್ನಡ. ಎಬಿಸಿಡಿ ಕಲಿತದ್ದು ಐದನೇ ಕ್ಲಾಸಿನಲ್ಲಿ. ಇಂಗ್ಲಿಷನ್ನು ನಾನು ಕಿವಿಯಿಂದ ಕಲಿಯಲಿಲ್ಲ, ನಿಯಮದಿಂದ ಕಲಿತೆ. ಯಾವ ಕ್ರಿಯಾಪದದ ಮುಂದೆ ಏನು ಬರಬೇಕು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಹುಳುಗಳಿಗೆ ಸೊಪ್ಪು ಹಾಕುತ್ತಾ ಬಾಯಿಪಾಠ ಮಾಡಿದವಳು. ಇಂಗ್ಲಿಷನ್ನು ತಾಯಿನುಡಿಯಾಗಿ ಆಡುವ ಒಬ್ಬರ ಜೊತೆಯೂ ನಾನು ಎಂದೂ ಹತ್ತು ನಿಮಿಷ ಮಾತಾಡಿರಲಿಲ್ಲ. ಇದನ್ನು ಯಾರಿಗೂ ಹೇಳಿರಲೂ ಇಲ್ಲ. ಕ್ಲಾಸಿನಲ್ಲಿ ಯಾವ ಮಗುವಾದರೂ ನನಗೆ ಗೊತ್ತಿಲ್ಲದ್ದನ್ನು ಕೇಳೀತು ಎಂಬ ಭಯ ಇಪ್ಪತ್ತಾರು ವರ್ಷವಾದರೂ ಹೋಗಿರಲಿಲ್ಲ.

ಆ ವರ್ಷ ಹತ್ತನೇ ಕ್ಲಾಸಿನಲ್ಲಿ ಒಬ್ಬ ಹುಡುಗಿ ಇದ್ದಳು. ಅವಳ ತಂದೆ ಊರೊಳಗೆ ಸ್ಕೂಟರ್, ಬೈಕುಗಳ ಸೀಟಿಗೆ ಕವರ್ ಹೊಲಿಯುವ ಅಂಗಡಿ ಇಟ್ಟುಕೊಂಡಿದ್ದರು. ಮನೆಯಲ್ಲಿ ದಖನಿ ಆಡುತ್ತಿದ್ದಳು, ಶಾಲೆಯಲ್ಲಿ ಕನ್ನಡ. ಕೈ ಎತ್ತುವವರಲ್ಲಿ ಮೊದಲನೆಯವಳು. ಉತ್ತರ ಬಾರದಿದ್ದರೂ ಎತ್ತುತ್ತಿದ್ದಳು, ಎದ್ದು ನಿಂತು ಯೋಚಿಸುತ್ತಿದ್ದಳು. ಅಂಥ ಮಗು ಕ್ಲಾಸಿನಲ್ಲಿದ್ದರೆ ದಣಿದ ಟೀಚರಿಗೆ ಒಂದು ಆಸರೆ.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಒಂದು ಪತ್ರ ಕೇಳಿದ್ದೆ. ನಿನ್ನ ಗೆಳತಿ ಕುರುಡುಮಲೆಗೆ ಹೋಗೋಣ ಬಾ ಎಂದು ಕರೆದಿದ್ದಾಳೆ, ಅವಳಿಗೆ ಉತ್ತರ ಬರೆ. ಉಳಿದವರೆಲ್ಲ ಗೈಡಿನಲ್ಲಿದ್ದ ಸಾಲುಗಳನ್ನೇ ಇಳಿಸಿದ್ದರು. ಈ ಹುಡುಗಿ ಮಾತ್ರ ತನ್ನ ಮಾತಿನಲ್ಲಿ ಬರೆದಿದ್ದಳು. ಮನೆಯಲ್ಲಿ ಕೇಳಬೇಕು, ಆದರೂ ಬರಲು ಪ್ರಯತ್ನ ಮಾಡುತ್ತೇನೆ ಎನ್ನುವ ಕಡೆ ‘ಐ ವಿಲ್ ಟ್ರೈ ಅಂಡ್ ಕಮ್’ ಎಂದಿತ್ತು. ನಾನು ಆ ‘ಅಂಡ್’ ಮೇಲೆ ಗೀಟು ಹಾಕಿ, ಕೆಂಪು ಶಾಯಿಯಲ್ಲಿ ‘ಟು’ ಎಂದು ಬರೆದು, ಒಂದು ಅಂಕ ಕಳೆದೆ. ಕೈ ತಾನೇ ಮಾಡಿದ ಕೆಲಸ ಅದು. ತಲೆ ಅಲ್ಲಿರಲೇ ಇಲ್ಲ.

ಪತ್ರಿಕೆ ಹಂಚಿದ ದಿನ ಅವಳು ಎದ್ದು ನಿಂತಳು.

“ಮಿಸ್, ಇದ್ಯಾಕೆ ತಪ್ಪು?”

“‘ಟ್ರೈ’ ಆದ್ಮೇಲೆ ‘ಟು’ ಬರ್ಬೇಕು. ಬೋರ್ಡ್ ಮೇಲೆ ಬರ್ದಿದ್ನಲ್ಲಾ?”

“ಬರ್ದಿದ್ರಿ ಮಿಸ್. ಆದ್ರೆ ನಮ್ಮ ದಾದಿ ಹಿಂಗೇ ಅಂತಾರೆ.”

ದಾದಿ ಎಂದರೆ ಅವಳ ತಂದೆಯ ತಾಯಿ. “ನಿಮ್ಮ ದಾದಿ ಎಷ್ಟು ಓದಿದ್ದಾರೆ?” ಎಂದು ಕೇಳಿದೆ.

“ಓದಿಲ್ಲ ಮಿಸ್. ಕೆಜಿಎಫ್‌ನಲ್ಲಿ ಇಂಗ್ಲಿಷ್ ಮಾತಾಡೋರ ಮನೇಲಿ ಆಯಾ ಆಗಿದ್ರು, ತುಂಬಾ ವರ್ಷ.”

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅಲ್ಲಿಗೇ ಬಿಡಬಹುದಾಗಿತ್ತು. ‘ನೋಡಿ ಹೇಳ್ತೀನಿ, ಕೂತ್ಕೋ’ ಎಂದಿದ್ದರೆ ಸಾಕಾಗಿತ್ತು. ಆದರೆ ಊಟದ ಬಿಡುವಿಗೆ ಇನ್ನೂ ಒಂದು ಪೀರಿಯಡ್ ಇತ್ತು, ತಲೆ ಸಿಡಿಯುತ್ತಿತ್ತು, ಓದು ಬಾರದ ಯಾವುದೋ ಮುದುಕಿಯನ್ನು ಈ ಹುಡುಗಿ ನನ್ನ ಎದುರು ತಂದು ನಿಲ್ಲಿಸಿದ್ದಳು.

“ಹಂಗಾದ್ರೆ ಇದು ಆಯಾ ಇಂಗ್ಲಿಷ್. ಪರೀಕ್ಷೇಲಿ ಆಯಾ ಇಂಗ್ಲಿಷ್ ನಡೆಯಲ್ಲ. ಕೂತ್ಕೋ.”

ಕ್ಲಾಸು ಗೊಳ್ಳೆಂದು ನಕ್ಕಿತು. ಅವಳು ಕೂತಳು. ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಪುಸ್ತಕದೊಳಗೆ ಇಟ್ಟುಕೊಂಡದ್ದನ್ನು ನೋಡಿದೆ. ನಾನು ಮುಂದಿನ ಪದ್ಯಕ್ಕೆ ಹೋದೆ.

ವಾರ ಕಳೆದಿರಬೇಕು, ಮೈದಾನದಲ್ಲಿ ಒಬ್ಬಳು “ಏ ಆಯಾ, ಬಾರೇ ಇಲ್ಲಿ” ಎಂದು ಕೂಗಿದ್ದು ಕೇಳಿಸಿತು. ತಿರುಗಿ ಬಂದವಳು ಅದೇ ಹುಡುಗಿ. ಆ ಹೆಸರು ಎಲ್ಲಿಂದ ಬಂತೆಂದು ನಾನು ಯಾರನ್ನೂ ಕೇಳಬೇಕಾಗಿರಲಿಲ್ಲ. ಕೂಗಿದವಳನ್ನು ಕರೆದು ಬೈದೆ. ಬೈದದ್ದರಿಂದ ಹೆಸರು ಇನ್ನೂ ಗಟ್ಟಿಯಾಯಿತು. ಇಂಗ್ಲಿಷ್ ಕ್ಲಾಸಿನಲ್ಲಿ ಅವಳ ಕೈ ಮೇಲೆ ಬರುವುದು ನಿಂತಿತು. ನಾನಾಗಿ ಕೇಳಿದರೆ ಗೈಡಿನ ಉತ್ತರವನ್ನು ಅಕ್ಷರ ತಪ್ಪದೆ ಒಪ್ಪಿಸುತ್ತಿದ್ದಳು.

ಜನವರಿಯಲ್ಲಿ ಮಾಲೂರಿನಲ್ಲಿ ಇಂಗ್ಲಿಷ್ ಶಿಕ್ಷಕರಿಗೆ ಮೂರು ದಿನದ ತರಬೇತಿ ಇತ್ತು. ಇಂಥ ತರಬೇತಿಗಳಿಗೆ ಹೋಗಿ ಹೋಗಿ ನನಗೆ ಸಾಕಾಗಿತ್ತು. ಚಾರ್ಟು ಬರೆಯಿಸುತ್ತಾರೆ, ಗುಂಪು ಮಾಡುತ್ತಾರೆ, ಊಟ ಹಾಕಿ ಕಳಿಸುತ್ತಾರೆ. ಈ ಸಲ ಪಾಠ ಹೇಳಲು ಬಂದಿದ್ದವಳು ಚಿಕ್ಕ ವಯಸ್ಸಿನ ಹೆಂಗಸು, ಭಾಷಾಶಾಸ್ತ್ರ ಓದಿದವಳು. ಮೊದಲ ದಿನ ಒಂದು ಹಾಳೆ ಕೊಟ್ಟು, “ಟ್ರೈ ಅಂಡ್ ಫಿನಿಶ್ ಬಿಫೋರ್ ಲಂಚ್” ಎಂದಳು.

ಎಲ್ಲರೂ ತಲೆ ತಗ್ಗಿಸಿ ಬರೆಯತೊಡಗಿದರು. ಯಾರಿಗೂ ಏನೂ ಅನ್ನಿಸಲಿಲ್ಲ. ನನ್ನ ಪೆನ್ನು ನಿಂತುಹೋಯಿತು. ಊಟದ ಹೊತ್ತಿನಲ್ಲಿ ತಟ್ಟೆ ಹಿಡಿದು ಅವಳ ಪಕ್ಕ ಹೋಗಿ ನಿಂತೆ.

“ಮೇಡಂ, ಬೆಳಿಗ್ಗೆ ನೀವು ‘ಟ್ರೈ ಅಂಡ್ ಫಿನಿಶ್’ ಅಂದ್ರಿ. ಅದು ಸರೀನಾ?”

ನಾನು ತಪ್ಪು ಹಿಡಿಯಲು ಬಂದೆನೆಂದು ಅವಳು ಅಂದುಕೊಳ್ಳಲಿಲ್ಲ. ಕಣ್ಣರಳಿಸಿದಳು. “ಸರಿ ಮೇಡಂ. ಮಾತಿನಲ್ಲಿ ಎಲ್ರೂ ಹಂಗೇ ಅಂತಾರೆ, ಅದೂ ನೂರಾರು ವರ್ಷದಿಂದ. ಗಂಭೀರ ಬರವಣಿಗೆಗೆ ‘ಟು’, ಗೆಳೆಯರಿಗೆ ‘ಅಂಡ್’. ಆದ್ರೆ ನೋಡಿ, ಅದು ಬಲೇ ವಿಚಿತ್ರವಾದ ‘ಅಂಡ್’. ‘ಟ್ರೈ’ ಬಾಲ ಇಲ್ದೆ ಬೋಳಾಗಿದ್ರೆ ಮಾತ್ರ ಪಕ್ಕಕ್ಕೆ ಬರುತ್ತೆ. ‘ಟ್ರೈಡ್ ಅಂಡ್’ ಅಂದ ಕೂಡ್ಲೇ ಅರ್ಥಾನೇ ಬೇರೆ ಆಗೋಗುತ್ತೆ. ‘ನೈಸ್ ಅಂಡ್ ಹಾಟ್’ ಅಂತಾರಲ್ಲ, ಅದೂ ಇದೇ ಜಾತಿ. ಕಾಫಿ ಒಳ್ಳೇದು ಮತ್ತು ಬಿಸಿ ಅಂತಲ್ಲ. ಹದವಾಗಿ ಬಿಸಿ ಇದೆ ಅಂತ.”

“ಹಂಗಾದ್ರೆ ‘ಅಂಡ್’ ಅಂದ್ರೆ ‘ಮತ್ತು’ ಅಲ್ವಾ?”

“ಎಲ್ಲಾ ಕಡೆ ಅಲ್ಲ ಮೇಡಂ.”

ಅವಳನ್ನು ಬೇರೆ ಯಾರೋ ಕರೆದರು. ನಾನು ತಟ್ಟೆಯಲ್ಲಿದ್ದ ಅನ್ನ ಕಲಸುತ್ತಾ ನಿಂತೆ. ಇಪ್ಪತ್ತಾರು ವರ್ಷ ಬೋರ್ಡಿನ ಮೇಲೆ ‘ಅಂಡ್’ ಎಂದರೆ ‘ಮತ್ತು’ ಎಂದು ಬರೆದಿದ್ದೆ. ಸಾಯಂಕಾಲ ಬಸ್ಸಿನಲ್ಲಿ ಕೂತಾಗ ಅನ್ನಿಸಿತು, ನಮ್ಮಮ್ಮ ಬದುಕಿದ್ದ ತನಕ ಕನ್ನಡ ಆಡುವಾಗಲೂ ಒಂದು ಸಲ ‘ಮತ್ತು’ ಎಂದವಳಲ್ಲ. ರಾಗಿನೂ ಹುರುಳಿನೂ ಎನ್ನುತ್ತಿದ್ದಳು. ಹೊರಗೆ ಹೊರಟರೆ ತೆಲುಗಿನಲ್ಲಿ ‘ಪೊಯ್ಯೊಸ್ತಾ’ ಎನ್ನುತ್ತಿದ್ದಳು, ಕನ್ನಡದಲ್ಲಿ ನಾವು ‘ಹೋಗಿ ಬರ್ತೀನಿ’ ಎನ್ನುತ್ತೇವೆ, ದಖನಿಯವರು ‘ಜಾಕೋ ಆತೂಂ’ ಎನ್ನುತ್ತಾರೆ. ಯಾವುದರಲ್ಲೂ ‘ಮತ್ತು’ ಇಲ್ಲ, ಎರಡು ಕೆಲಸ ಒಂದರೊಳಗೊಂದು ಸೇರಿಕೊಂಡಿರುತ್ತವೆ. ಮಕ್ಕಳು ಅದನ್ನೇ ಇಂಗ್ಲಿಷಿನಲ್ಲಿ ‘ಗೋ ಅಂಡ್ ಕಮ್’ ಎಂದು ಬರೆದರೆ ಅದನ್ನೂ ಹೊಡೆದುಹಾಕುತ್ತಿದ್ದೆ.

ಮುಂದಿನ ಭಾನುವಾರ ಕೋಲಾರದ ಗ್ರಂಥಾಲಯಕ್ಕೆ ಹೋಗಿ ದೊಡ್ಡ ನಿಘಂಟು ಕೇಳಿದೆ. ಕಪಾಟಿನ ಬೀಗದ ಕೈ ಹುಡುಕಲು ಅಲ್ಲಿಯವರಿಗೆ ಅರ್ಧ ಗಂಟೆ ಹಿಡಿಯಿತು. ‘ಟ್ರೈ’ ಕೆಳಗೆ ‘ಟ್ರೈ ಅಂಡ್’ ಇತ್ತು. ತಪ್ಪು ಎಂದು ಎಲ್ಲಿಯೂ ಇರಲಿಲ್ಲ, ಆಡುಮಾತಿನಲ್ಲಿ ಬಳಕೆ ಎಂದಿತ್ತು. ಒಂದು ಕೈಯಲ್ಲಿ ಎತ್ತಲು ಆಗದಷ್ಟು ಭಾರವಾದ ಪುಸ್ತಕ. ಮುಚ್ಚಿಟ್ಟೆ. ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. ಇನ್ನು ಈ ವಯಸ್ಸಿನಲ್ಲಿ ಏನನ್ನೆಲ್ಲ ತಿದ್ದಲಿ ಎಂದು ಸುಸ್ತಾಯಿತು.

ಸೋಮವಾರ ಆ ಹುಡುಗಿಯನ್ನು ವರಾಂಡದಲ್ಲಿ ನಿಲ್ಲಿಸಿ, “ನಿಮ್ಮ ದಾದೀನ ನೋಡ್ಬೇಕಿತ್ತು” ಎಂದೆ. ಅವಳ ಮುಖ ಬಿಳಿಚಿಕೊಂಡಿತು.

“ಯಾಕೆ ಮಿಸ್? ಕಂಪ್ಲೇಂಟಾ?”

“ಅಲ್ಲಮ್ಮ. ಅವರ ಹತ್ರ ಮಾತಾಡ್ಬೇಕು, ಅಷ್ಟೆ.”

ಶನಿವಾರ ಶಾಲೆ ಮುಗಿಸಿ ಅವಳ ಜೊತೆ ನಡೆದೆ. ಅಂಗಡಿಯ ಹಿಂದೆಯೇ ಮನೆ. ರೆಕ್ಸಿನ್ ತುಂಡುಗಳ ವಾಸನೆ ಒಳಗಿನವರೆಗೂ ಬರುತ್ತಿತ್ತು. ಮಂಚದ ಮೇಲೆ ತೆಳ್ಳಗಿನ ಮುದುಕಿ, ಕನ್ನಡಕಕ್ಕೆ ಒಂದು ಕಡೆ ದಾರ ಕಟ್ಟಿತ್ತು. ನನ್ನನ್ನು ಕಂಡದ್ದೇ, “ಕಮ್ ಇನ್, ಕಮ್ ಇನ್. ಮೈಂಡ್ ದ ಸ್ಟೆಪ್” ಎಂದರು. ಅವರ ಇಂಗ್ಲಿಷ್ ಅಷ್ಟು ಬಿರುಸಾಗಿ, ಅಷ್ಟು ಸಲೀಸಾಗಿ ಬಂತೆಂದರೆ ಅದರ ಅರ್ಥ ನನಗೆ ಹೊಳೆಯುವಷ್ಟರಲ್ಲಿ ಹೊಸ್ತಿಲ ಕೆಳಗಿನ ಮೆಟ್ಟಿಲು ಎಡವಿದ್ದೆ. ಹುಡುಗಿ ನನ್ನ ಕೈ ಹಿಡಿದುಕೊಂಡಳು. ನಗಲಿಲ್ಲ.

“ನೀವೇನಾ ಇಂಗ್ಲಿಷ್ ಟೀಚರಮ್ಮ? ಕೂತ್ಕಳಿ. ಮಗು ನಿಮ್ಮ ಹೆಸ್ರೇ ಹೇಳ್ತಿತ್ತು ಮುಂಚೆ.”

ಮುಂಚೆ ಎಂದರು. ಈಗ ಹೇಳುವುದಿಲ್ಲ ಎಂದು ನಾನು ಅರ್ಥ ಮಾಡಿಕೊಂಡೆ. ಕ್ಲಾಸಿನಲ್ಲಿ ಆದದ್ದನ್ನು ಅವಳು ಮನೆಯಲ್ಲಿ ಹೇಳಿರಲಿಲ್ಲ. ಸೊಸೆ ಚಹಾ ತಂದುಕೊಟ್ಟು ಒಳಗೆ ಹೋದರು. ಹುಡುಗಿ ಬಾಗಿಲ ಬಳಿ ನಿಂತಿದ್ದಳು. ಅವಳ ಎದುರಿಗೇ ನಾನು ಎಲ್ಲ ಹೇಳಿದೆ. ಪತ್ರ, ಕೆಂಪು ಗೀಟು, ಆಯಾ ಇಂಗ್ಲಿಷ್ ಎಂದದ್ದು, ಮಕ್ಕಳು ನಕ್ಕದ್ದು, ಆಮೇಲೆ ಮಾಲೂರು, ನಿಘಂಟು.

ಮುದುಕಿ ಮೊಮ್ಮಗಳ ಕಡೆ ಒಮ್ಮೆ ನೋಡಿದರು. ಆಮೇಲೆ, “ಆಯಾ ಇಂಗ್ಲಿಷೇ ಅಲ್ವಾ ಅದು” ಎಂದರು. “ಆಯಾ ಆಗಿದ್ದೆ. ಅದ್ರಲ್ಲಿ ಸುಳ್ಳೇನೈತೆ? ಆದ್ರೆ ಮಗೂನ ನಾಲ್ಕು ಜನದ ಮುಂದೆ ಹಂಗೆ ಅನ್ಬಾರ್ದಿತ್ತು ನೀವು.”

“ಹೌದಮ್ಮ.”

“ಚಾಯ್ ಕುಡೀರಿ. ನೈಸ್ ಅಂಡ್ ಹಾಟ್ ಐತೆ.”

ಆ ಮಾತು ಹೇಳಿದ್ದು ನನ್ನನ್ನು ಚುಚ್ಚಲು ಅಲ್ಲ. ಅವರಿಗೆ ಬಿಸಿ ಚಹಾಕ್ಕೆ ಬೇರೆ ಮಾತೇ ಇರಲಿಲ್ಲ.

ಇಂಗ್ಲಿಷ್ ಹೇಗೆ ಕಲಿತಿರಿ ಎಂದು ಕೇಳಿದೆ. ಗಂಡನಿಗೆ ಗಣಿಯ ಕಡೆ ಕೆಲಸ ಸಿಕ್ಕಿ, ಮದುವೆಯಾದ ಹೊಸತರಲ್ಲೇ ಕೆಜಿಎಫ್‌ಗೆ ಹೋದರಂತೆ. ಒಂದು ಬಂಗಲೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ. ಆ ಮನೆಯ ಹೆಂಗಸಿಗೆ ದಖನಿ ಬಾರದು, ಇವರಿಗೆ ಇಂಗ್ಲಿಷ್ ಬಾರದು. ಕೈಸನ್ನೆಯಲ್ಲಿ ನಡೆಯುತ್ತಿತ್ತು.

“ಎರಡನೇ ವರ್ಷ ನಂಗೆ ಗಂಡು ಮಗು ಆಯ್ತು. ನಲವತ್ತು ದಿನ ಇತ್ತು, ಹೋಗ್ಬಿಟ್ತು. ಮನೇಲಿ ಕೂತ್ಕಂಡ್ರೆ ಹುಚ್ಚು ಹಿಡಿಯುತ್ತೆ ಅಂತ ಕೆಲ್ಸಕ್ಕೆ ಹೋದೆ. ಹೋದೋಳು ಅಡಿಗೆಮನೆ ಬಾಗ್ಲಲ್ಲಿ ಕೂತ್ಕಂಡೆ, ಏಳಕ್ಕೇ ಆಗ್ಲಿಲ್ಲ. ಅನ್ನ ಇಲ್ಲ, ನೀರಿಲ್ಲ. ಆಗ ಮೇಮ್ ಸಾಬ್ ಒಂದು ತಟ್ಟೆ ತಂದು ನನ್ನ ಪಕ್ಕ ನೆಲದ ಮೇಲೆ ಕೂತ್ಕಂಡ್ಳು, ಗೌನ್ ಹಾಕ್ಕಂಡೇ. ‘ಟ್ರೈ ಅಂಡ್ ಈಟ್’ ಅಂತಾಳೆ. ನಾನು ಗೋಡೆ ಕಡೆ ತಿರಿಕ್ಕಂಡೆ. ಮತ್ತೆ ‘ಟ್ರೈ ಅಂಡ್ ಈಟ್’. ಎಷ್ಟು ಸಲ ಅಂದ್ಳೋ ದೇವ್ರಿಗೇ ಗೊತ್ತು. ನಂಗೆ ಆಗ ‘ಟ್ರೈ’ ಅಂದ್ರೂ ಗೊತ್ತಿಲ್ಲ, ‘ಅಂಡ್’ ಅಂದ್ರೂ ಗೊತ್ತಿಲ್ಲ. ತಿನ್ನು ಅಂತಾಳೆ ಅಂತ ತಿಳೀತು. ತಿಂದೆ.”

ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಬಾಗಿಲ ಬಳಿ ನಿಂತಿದ್ದ ಹುಡುಗಿ ಮಂಚದ ತುದಿಗೆ ಬಂದು ಕೂತಿದ್ದಳು. ಆ ನಲವತ್ತು ದಿನದ ಮಗುವಿನ ವಿಷಯ ಅವಳೂ ಮೊದಲ ಸಲ ಕೇಳುತ್ತಿದ್ದಂತೆ ಕಂಡಿತು.

“ನಿಮ್ಮ ‘ಟ್ರೈ ಟು’ ನಂಗೂ ಗೊತ್ತು ಟೀಚರಮ್ಮ,” ಎಂದರು ಮುದುಕಿ. “ಆ ಮನೆ ದೊರೆ ಹಂಗನ್ನೋನು. ‘ಟ್ರೈ ಟು ಕಮ್ ಅರ್ಲಿ.’ ಅದು ಹೆಂಗೆ ಅಂದ್ರೆ, ಆದ್ರೆ ಮಾಡು, ನಿನ್ನ ಮೇಲೆ ನಂಬ್ಕೆ ಇಲ್ಲ ಅಂದಂಗೆ. ಮೇಮ್ ಸಾಬ್ ಹಂಗನ್ನಲಿಲ್ಲ. ನಾನು ತಿಂತೀನಿ ಅಂತ ಅವಳಿಗೆ ಗೊತ್ತಿತ್ತು.”

ಇದು ಯಾವ ವ್ಯಾಕರಣದಲ್ಲಿ ಇದೆಯೋ ಇಲ್ಲವೋ ನನಗೆ ತಿಳಿಯದು. ನಾನು ವಾದ ಮಾಡಲಿಲ್ಲ. ಚಹಾ ಆರುವ ಮುಂಚೆ ಕುಡಿದು, ಅವರ ಕೈ ಹಿಡಿದು, ಕೋಲಾರದ ಬಸ್ಸು ಹಿಡಿದೆ. ಆ ದಿನ ದಾರಿಯುದ್ದಕ್ಕೂ ಕಣ್ಣು ಮುಚ್ಚಲಾಗಲಿಲ್ಲ. ದೇವರಾಯಸಮುದ್ರದ ಕೆರೆಯ ಕಡೆ ಬಿಸಿಲು ಇಳಿಯುತ್ತಿತ್ತು.

ಸೋಮವಾರ ಮೊದಲ ಪೀರಿಯಡ್. ರಾತ್ರಿಯಿಂದ ಮನಸ್ಸಿನಲ್ಲೇ ಕಟ್ಟಿಕೊಂಡಿದ್ದ ಮಾತುಗಳೆಲ್ಲ ಮೇಜಿನ ಎದುರು ನಿಂತಾಗ ಮರೆತುಹೋದವು. ಬೋರ್ಡಿನ ಮೇಲೆ ಎರಡು ವಾಕ್ಯ ಬರೆದೆ, ಒಂದು ‘ಟು’ ಇದ್ದದ್ದು, ಒಂದು ‘ಅಂಡ್’ ಇದ್ದದ್ದು.

“ಎರಡೂ ಸರಿ,” ಎಂದೆ. “ಅರ್ಧವಾರ್ಷಿಕದಲ್ಲಿ ಇದಕ್ಕೆ ಒಂದು ಅಂಕ ಕಳೆದಿದ್ದೆ. ತಪ್ಪು ನಂದು. ಅವತ್ತು ನಾನು ಅಂದ ಮಾತೂ ತಪ್ಪು. ಆ ಹೆಸರು ಹಿಡಿದು ಇನ್ಮುಂದೆ ಯಾರೂ ಕೂಗಬಾರ್ದು.”

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಟೀಚರು ತಮ್ಮ ತಪ್ಪು ಒಪ್ಪಿಕೊಂಡದ್ದನ್ನು ಅವರು ಎಂದೂ ನೋಡಿರಲಿಲ್ಲ. ನನಗೆ ಎದೆಯಿಂದ ಏನೋ ಇಳಿದಂತಾಗಿ, ಸೀಮೆಸುಣ್ಣ ಕೆಳಗಿಟ್ಟೆ. ಆಗ ಎಷ್ಟೋ ತಿಂಗಳ ಮೇಲೆ ಆ ಹುಡುಗಿಯ ಕೈ ಮೇಲೆ ಬಂತು.

“ಮಿಸ್, ಹಂಗಾದ್ರೆ ಪಬ್ಲಿಕ್ ಪರೀಕ್ಷೇಲಿ ಯಾವ್ದು ಬರೀಲಿ?”

ನನ್ನಲ್ಲಿ ಉತ್ತರವಿತ್ತು. ಅವಳ ಪತ್ರಿಕೆ ಯಾವುದೋ ಊರಿಗೆ ಹೋಗುತ್ತದೆ. ಯಾವುದೋ ಶಾಲೆಯ ಹಾಲಿನಲ್ಲಿ, ಫ್ಯಾನು ತಿರುಗದ ಬೇಸಿಗೆಯಲ್ಲಿ, ಮುಂದೆ ಕಟ್ಟು ಇಟ್ಟುಕೊಂಡು, ನನ್ನಂಥವಳೇ ಒಬ್ಬಳು ಕೆಂಪು ಪೆನ್ನು ಹಿಡಿದು ಕೂತಿರುತ್ತಾಳೆ. ಅವಳು ಮಾಲೂರಿಗೆ ಬಂದಿರುವುದಿಲ್ಲ, ನಿಘಂಟು ತೆಗೆದಿರುವುದಿಲ್ಲ. ಅವಳ ಕೈ ತಾನೇ ಓಡುತ್ತಿರುತ್ತದೆ.

“‘ಟು’ ಬರಿ,” ಎಂದೆ.

“ಸರಿ ಮಿಸ್.”

ಅವಳು ಕೂತಳು. ಅವಳ ಮುಖದಲ್ಲಿ ಕೋಪವಿರಲಿಲ್ಲ. ಇದೇ ಉತ್ತರ ಬರುತ್ತದೆಂದು ಅವಳಿಗೆ ಗೊತ್ತಿತ್ತು ಎನ್ನಿಸಿತು. ನನ್ನ ಕ್ಷಮಾಪಣೆಯ ಆಯಸ್ಸು ಎರಡು ನಿಮಿಷ. ಮಧ್ಯಾಹ್ನ ಅವಳ ಹಳೆಯ ಪತ್ರಿಕೆ ಕೇಳಿದೆ, ಅಂಕ ಸೇರಿಸಿ ಕೊಡೋಣವೆಂದು. ಎಲ್ಲೋ ಹೋಯ್ತು ಮಿಸ್ ಎಂದಳು. ನಾನು ಅಂಕಪಟ್ಟಿಯಲ್ಲಿ ಮಾತ್ರ ತಿದ್ದಿ ಸಹಿ ಹಾಕಿದೆ.

ಪರೀಕ್ಷೆಯಲ್ಲಿ ಅವಳಿಗೆ ಒಳ್ಳೆಯ ಅಂಕಗಳೇ ಬಂದವು. ಪತ್ರದ ಪ್ರಶ್ನೆಗೆ ಏನು ಬರೆದಳೆಂದು ನಾನು ಕೇಳಲಿಲ್ಲ. ಆ ಬೇಸಿಗೆಯಲ್ಲೇ ನನಗೆ ಶ್ರೀನಿವಾಸಪುರಕ್ಕೆ ವರ್ಗವಾಯಿತು. ಹೊಸ ಶಾಲೆಯಲ್ಲಿ ‘ಟ್ರೈ ಅಂಡ್’ ಎಂದು ಬರೆದವರು ಇದುವರೆಗೆ ಒಬ್ಬರೂ ಸಿಕ್ಕಿಲ್ಲ. ‘ಗೋ ಅಂಡ್ ಕಮ್’ ಎಂದು ಬರೆಯುವವರು ಬೇಕಾದಷ್ಟಿದ್ದಾರೆ. ಅದಕ್ಕೆ ಈಗ ಗೀಟು ಹಾಕುವುದಿಲ್ಲ, ಪಕ್ಕದಲ್ಲಿ ಸಣ್ಣದೊಂದು ಪ್ರಶ್ನೆಚಿಹ್ನೆ ಇಡುತ್ತೇನೆ. ಮಕ್ಕಳಿಗೆ ಅದರ ಅರ್ಥ ತಿಳಿಯುವುದಿಲ್ಲ, ಕೇಳುವುದೂ ಇಲ್ಲ.

ಎರಡು ವರ್ಷದ ಮೇಲೆ, ಶಾಲೆ ಶುರುವಾದ ಜೂನಿನಲ್ಲಿ, ಶ್ರೀನಿವಾಸಪುರದ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಮಾವಿನ ಸುಗ್ಗಿ. ಎಲ್ಲಿ ನೋಡಿದರೂ ಕ್ರೇಟು, ಹುಲ್ಲು, ಹಣ್ಣಿನ ವಾಸನೆ, ನೊಣ. “ನಮಸ್ಕಾರ ಮಿಸ್” ಎಂದದ್ದಕ್ಕೆ ತಿರುಗಿದೆ. ಅವಳೇ. ಎತ್ತರವಾಗಿದ್ದಳು. ಮುಳಬಾಗಿಲಿನಲ್ಲೇ ಪಿಯುಸಿ ಮುಗಿಸಿದ್ದಳಂತೆ, ಇಲ್ಲಿ ಸೋದರತ್ತೆಯ ಮನೆಗೆ ಬಂದಿದ್ದಳಂತೆ. ಕೈಯಲ್ಲಿ ಮಾವಿನ ಹಣ್ಣಿನ ಚೀಲ.

“ದಾದಿ ಹೇಗಿದ್ದಾರೆ?”

“ಬಿದ್ಬಿಟ್ರು ಮಿಸ್, ಸೊಂಟ ಮುರೀತು. ಮಂಚದ ಮೇಲೇ ಇದ್ದಾರೆ. ಬಾಯಿ ಮಾತ್ರ ಜೋರು.”

ನನಗೆ ಖುಷಿಯಾಗಿತ್ತು. ಆ ಖುಷಿಯಲ್ಲೋ ಅಥವಾ ಯಾವುದೋ ಆಸೆಯಲ್ಲೋ, ಮುಂದೆ ಏನು ಓದುತ್ತೀಯ ಎಂಬುದನ್ನು ಇಂಗ್ಲಿಷಿನಲ್ಲಿ ಕೇಳಿದೆ.

“ಬಿಕಾಂ ಸೇರ್ಬೇಕು ಅಂತಿದ್ದೀನಿ ಮಿಸ್,” ಎಂದಳು.

ಕಾಲೇಜು ಯಾವುದು, ದಿನಾ ಓಡಾಡುತ್ತೀಯಾ, ಅದನ್ನೂ ಇಂಗ್ಲಿಷಿನಲ್ಲೇ ಕೇಳಿದೆ. ಅದಕ್ಕೂ ಕನ್ನಡದಲ್ಲೇ ಉತ್ತರ ಕೊಟ್ಟಳು. ಮರ್ಯಾದೆಯಿಂದ, ನಗುನಗುತ್ತಲೇ. ಮೂರನೇ ಪ್ರಶ್ನೆಯನ್ನು ನಾನು ಕನ್ನಡದಲ್ಲಿ ಕೇಳಿದೆ.

ಅಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. ನೋಡಿ, “ಒಂದ್ನಿಮ್ಷ ಮಿಸ್” ಎಂದು ಎರಡು ಹೆಜ್ಜೆ ಆಚೆ ಹೋಗಿ, ಬೆನ್ನು ತಿರುಗಿಸಿ ಮಾತಾಡತೊಡಗಿದಳು. ಇಂಗ್ಲಿಷ್. ಬಿರುಸಾದ, ಸಲೀಸಾದ ಇಂಗ್ಲಿಷ್. ಬಸ್ಸುಗಳ ಗದ್ದಲದಲ್ಲಿ ಅರ್ಧ ನನಗೆ ಕೇಳಿಸಲಿಲ್ಲ, ಕೇಳಿಸಿದ್ದರಲ್ಲಿ ಅರ್ಧ ಅರ್ಥವಾಗಲಿಲ್ಲ. ಏನೋ ಹೇಳಿ ಜೋರಾಗಿ ನಕ್ಕಳು, ಮತ್ತೆ ಏನೋ ವಾದ ಮಾಡಿದಳು. ಕ್ಲಾಸಿನಲ್ಲಿ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ.

ಫೋನು ಇಟ್ಟು ಬಂದಳು. “ದಾದಿ, ಮಿಸ್. ಬಾದಾಮಿ ಹಣ್ಣು ತಗೊಂಡಿದ್ದೀಯಾ, ಇಲ್ಲ ಕಂಡಿದ್ದೆಲ್ಲಾ ತಗೊಂಡಿದ್ದೀಯಾ ಅಂತ ಜಗಳ.”

ಮುಳಬಾಗಿಲಿನ ಬಸ್ಸು ಬಂತು. ಚೀಲವನ್ನು ಎದೆಗವಚಿಕೊಂಡು ಜನರ ನಡುವೆ ತೂರಿ ಹತ್ತಿದಳು. ಕಿಟಕಿಯ ಸೀಟು ಸಿಕ್ಕಿತು. ಅಲ್ಲಿಂದ ಕೈ ಆಡಿಸಿದಳು, ನಾನೂ ಆಡಿಸಿದೆ. ನನ್ನ ಬಸ್ಸು ಇನ್ನೂ ಬಂದಿರಲಿಲ್ಲ. ಕಲ್ಲುಬೆಂಚಿನ ಮೇಲೆ ಜಾಗ ಖಾಲಿಯಾಗಿತ್ತು, ಹೋಗಿ ಕೂತೆ.